ಅಥೆನ್ಸ್ ಆಗಹೊರಟ ಊರು

ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಭಾಗದಲ್ಲಿ, ಕಂಬರ್ಲೆಂಡ್ ನದಿಯು ಬಳಸಿ ಬಳಸಿ ಹರಿಯುವ ಸುಣ್ಣಕಲ್ಲಿನ ದಿಣ್ಣೆಗಳ ಮೇಲೆ ಹಬ್ಬಿಕೊಂಡಿರುವ ನ್ಯಾಶ್‌ವಿಲ್ ನಗರಕ್ಕೆ ಹೊಸದಾಗಿ ಹೋದವನು, ಅಲ್ಲಿಯ ಉದ್ಯಾನವೊಂದರ ಹುಲ್ಲುಹಾಸಿನ ನಡುವೆ ಗ್ರೀಸ್ ದೇಶದ ಪಾರ್ಥೆನಾನ್ ದೇವಾಲಯವನ್ನು ಕಂಡು ಕಣ್ಣುಜ್ಜಿಕೊಂಡರೆ ಆಶ್ಚರ್ಯವಿಲ್ಲ. ಅಥೆನ್ಸಿನ ಮೂಲ ದೇವಾಲಯವಾದರೋ ಮಾಡು ಹಾರಿ, ಗೋಡೆ ಬಿರಿದು, ಮೂರ್ತಿಯನ್ನು ಕಳೆದುಕೊಂಡು, ಬೆಟ್ಟದ ಮೇಲೆ ಅಸ್ಥಿಪಂಜರದಂತೆ ನಿಂತಿದೆ. ಇಲ್ಲಿಯ ಪ್ರತಿಕೃತಿಯು ಒಂದು ಕಂಬವೂ ಮುಕ್ಕಾಗದೆ, ಒಳಗೆ 1990ರಲ್ಲಿ ಪ್ರತಿಷ್ಠಿತಳಾದ ಸುಮಾರು 42 ಅಡಿ ಎತ್ತರದ ಅಥೀನಾ ದೇವಿಯ ಸಮೇತವಾಗಿ, ಇಂದೋ ನಾಳೆಯೋ ಪೆರಿಕ್ಲೀಸನೇ ದರ್ಶನಕ್ಕೆ ಬರುವನೆಂಬಂತೆ ಸಜ್ಜಾಗಿದೆ. ಟೆನೆಸ್ಸೀ ರಾಜ್ಯವು 1796ರಲ್ಲಿ ಒಕ್ಕೂಟಕ್ಕೆ ಸೇರಿದುದರ ಶತಮಾನೋತ್ಸವವನ್ನು ಒಂದು ವರ್ಷ ತಡವಾಗಿ, 1897ರಲ್ಲಿ, ಅಲ್ಲಿಯವರು ಒಂದು ಮಹಾ ವಸ್ತುಪ್ರದರ್ಶನದ ಮೂಲಕ ಆಚರಿಸಿದಾಗ ಗಾರೆ ಇಟ್ಟಿಗೆ ಮರಗಳಿಂದ ತಾತ್ಕಾಲಿಕವಾಗಿ ಕಟ್ಟಿದ ಮಂಟಪವಿದು. ಉತ್ಸವ ಮುಗಿದು ಉಳಿದ ಮಂಟಪಗಳನ್ನೆಲ್ಲ ಕೆಡವಿದರೂ ಇದೊಂದನ್ನು ಕೆಡವಲು ಊರವರಿಗೆ ಮನಸ್ಸು ಬರಲಿಲ್ಲ. ಗಾರೆ ಉದುರಲಾರಂಭಿಸಿತು, ಆಗ ಕಾಂಕ್ರೀಟಿನಲ್ಲಿ ಅದನ್ನು ಶಾಶ್ವತವಾಗಿ ಪುನರ್ನಿರ್ಮಿಸುವ ಕಾರ್ಯವನ್ನು 1920ರಲ್ಲಿ ಕೈಗೊಂಡು 1931ರಲ್ಲಿ ಪೂರೈಸಿದರು. ಏಕೆಂದರೆ, ವಿದ್ಯಾಲಯಗಳೂ ಗ್ರಂಥಪ್ರಕಾಶನ ಸಂಸ್ಥೆಗಳೂ ತುಂಬಿದ್ದ ತಮ್ಮ ಊರು ‘ದಕ್ಷಿಣದ ಅಥೆನ್ಸ್’ ಎಂಬ ಬಿರುದಿಗೆ ಪಾತ್ರವಾದುದೆಂದು ಅಲ್ಲಿಯ ಗಣ್ಯರು ದೃಢವಾಗಿ ನಂಬಿದ್ದರು.

ವಿಧಿಯ ವಿನೋದವನ್ನು ನೋಡಿ: ಈ ಕಂಬಗಳು ಏಳುತ್ತಿದ್ದ ವರ್ಷಗಳಲ್ಲಿಯೇ, ಅದೇ ಊರಿನ ವಿಮಾ ಸಂಸ್ಥೆಯೊಂದರ ಕಚೇರಿಯ ಕೋಣೆಯಲ್ಲಿ, ಎಪ್ಪತ್ತು ದಾಟಿದ ಮುದುಕನೊಬ್ಬನು ಕುರ್ಚಿಯಲ್ಲಿ ಕುಳಿತು ಪಿಟೀಲು ಬಾರಿಸಿದನು, ಲೋಕವು ನ್ಯಾಶ್‌ವಿಲ್ಲನ್ನು ಗುರುತಿಸಿದ್ದು ಆ ಪಿಟೀಲಿನಿಂದಲೇ ಹೊರತು ಪಾರ್ಥೆನಾನಿನಿಂದಲ್ಲ.

ಅಪಲಾಚಿಯನ್ ಬೆಟ್ಟಗಾಡಿನ ರೈತರ ಹಾಡುಗಳು ಹಳ್ಳದ ನೀರಿನಂತೆ ತಾವಾಗಿಯೇ ಹರಿದುಬಂದು ಈ ಊರಿನಲ್ಲಿ ನಿಂತವೆಂದೂ, ಆದ್ದರಿಂದ ಇದು ಕಂಟ್ರಿ ಸಂಗೀತದ ರಾಜಧಾನಿಯಾದುದು ಸಹಜ ಪರಿಣಾಮವೆಂದೂ ಸಾಮಾನ್ಯವಾಗಿ ಹೇಳುವರು. ವಸ್ತುಸ್ಥಿತಿ ಹಾಗಿಲ್ಲ. ಜಾರ್ಜಿಯಾದ ಪಿಟೀಲುಗಾರ ಜಾನ್ ಕಾರ್ಸನ್ ಎಂಬಾತನ ಹಾಡನ್ನು ಮುದ್ರಿಸಿ, ಈ ಬಗೆಯ ಸಂಗೀತಕ್ಕೂ ಗಿರಾಕಿಗಳುಂಟೆಂದು ತೋರಿಸಿಕೊಟ್ಟದ್ದು 1923ರಲ್ಲಿ ಅಟ್ಲಾಂಟ ನಗರ. ಕಾರ್ಟರ್ ಕುಟುಂಬವೂ ಜಿಮ್ಮಿ ರಾಜರ್ಸನೂ ಮೊದಲ ಬಾರಿಗೆ ಧ್ವನಿಮುದ್ರಣಕ್ಕೆ ಹಾಡಿದ್ದು 1927ರಲ್ಲಿ, ಇದೇ ರಾಜ್ಯದ ಗಡಿಯಲ್ಲಿರುವ ಬ್ರಿಸ್ಟಲ್‌ನಲ್ಲಿ. ಹಳ್ಳಿಗಾಡಿನ ಕುಣಿತದ ಹಾಡುಗಳನ್ನು ರೇಡಿಯೋದಲ್ಲಿ ಬಿತ್ತರಿಸಿ ಹೆಸರು ಪಡೆಯುವುದರಲ್ಲಿಯೂ ಉತ್ತರದ ಷಿಕಾಗೋ ಮುಂದಾಗಿತ್ತು. ನ್ಯಾಶ್‌ವಿಲ್ ಹಿಂದೆ ಬಿದ್ದು ಬಂದ ಊರು. ಅಂಥ ಊರಿಗೆ ಈ ಪಟ್ಟ ಹೇಗೆ ದೊರೆಯಿತೆಂಬುದನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ, ಉಪ್ಪಿನ ಕಾಲಕ್ಕೆ, ಹೋಗಬೇಕು.

ಕಂಬರ್ಲೆಂಡಿನ ದಡದಲ್ಲಿ ಗಂಧಕ ಮತ್ತು ಉಪ್ಪು ಬೆರೆತ ನೀರಿನ ಊಟೆಯೊಂದಿತ್ತು. ಆ ಉಪ್ಪನ್ನು ನೆಕ್ಕಲು ಕಾಡುಕೋಣಗಳೂ ಜಿಂಕೆಗಳೂ ಹಿಂಡುಹಿಂಡಾಗಿ ಬರುತ್ತಿದ್ದವು. ಅವುಗಳ ಹಿಂದೆ ಬೇಟೆಗಾರರು, ಬೇಟೆಗಾರರ ಹಿಂದೆ ಚರ್ಮದ ವ್ಯಾಪಾರಿಗಳು. ಹೆಣಗಳನ್ನು ಕಲ್ಲುಚಪ್ಪಡಿಗಳ ಪೆಟ್ಟಿಗೆಗಳಲ್ಲಿ ಹೂಳುತ್ತಿದ್ದ ಒಂದು ಪ್ರಾಚೀನ ಜನಾಂಗವು ಅಲ್ಲಿ ಬಾಳಿ ಮರೆಯಾದ ಬಳಿಕ ಶಾನೀ, ಚೆರೋಕಿ, ಚಿಕಾಸಾ ಜನರು ಆ ಕಾಡನ್ನು ಬೇಟೆಯ ಭೂಮಿಯಾಗಿ ಉಪಯೋಗಿಸಿದರು. ಹದಿನೆಂಟನೆಯ ಶತಮಾನದಲ್ಲಿ ಫ್ರೆಂಚ್ ವರ್ತಕರು ಬಂದು ತೊಗಲು ಕೊಳ್ಳಲು ಮೊದಲಿಟ್ಟದ್ದರಿಂದ ಆ ಸ್ಥಳಕ್ಕೆ ‘ಫ್ರೆಂಚ್ ಲಿಕ್’ ಎಂಬ ಹೆಸರು ಬಿದ್ದಿತು. ಬೆಲೆ ಕೊಟ್ಟು ಕೊಂಡೆವೆಂದು ಬಿಳಿಯರು ಹೇಳಿಕೊಂಡ 1775ರ ಒಂದು ಒಪ್ಪಂದವೇ ವಲಸೆಗೆ ಆಧಾರ. ಚೆರೋಕಿಗಳ ಪೈಕಿ ಡ್ರ್ಯಾಗಿಂಗ್ ಕನೂ ಎಂಬ ನಾಯಕನು ಅದನ್ನು ಒಪ್ಪಲಿಲ್ಲ. ಮುಂದೆ ಬಹುಕಾಲ ಅವನ ಬಾಣ ಬಂದೂಕುಗಳು ಆ ಅಸಮ್ಮತಿಯನ್ನು ಸಾರುತ್ತಲೇ ಇದ್ದವು.

ವಲಸೆಗಾರರು ಎರಡು ತಂಡವಾಗಿ ಬಂದರು. ಜೇಮ್ಸ್ ರಾಬರ್ಟ್‌ಸನ್ ಎಂಬುವನ ಮುಂದಾಳುತನದಲ್ಲಿ ಗಂಡಸರು ದನಕರುಗಳನ್ನು ಹೊಡೆದುಕೊಂಡು ಕಾಡುದಾರಿಯಲ್ಲಿ ನಡೆದುಬಂದು, 1779ರ ಚಳಿಗಾಲದ ಉಗ್ರತೆಯಲ್ಲಿ ಮಂಜುಗಟ್ಟಿದ್ದ ನದಿಯನ್ನು ಕಾಲ್ನಡೆಯಲ್ಲಿಯೇ ದಾಟಿ ದಡ ಸೇರಿದರು. ಹೆಂಗಸರು ಮಕ್ಕಳು ಮುದುಕರಿದ್ದ ಇನ್ನೊಂದು ತಂಡವು ಜಾನ್ ಡೊನೆಲ್ಸನ್ನನ ಹಿಂದೆ ದೋಣಿಗಳಲ್ಲಿ ಹೊರಟು, ಹೋಲ್‌ಸ್ಟನ್, ಟೆನೆಸ್ಸೀ, ಒಹಾಯೋ, ಕಂಬರ್ಲೆಂಡ್ ಎಂಬ ನಾಲ್ಕು ನದಿಗಳ ಸುಮಾರು ಸಾವಿರ ಮೈಲಿಯ ದಾರಿಯನ್ನು, ಕೊನೆಯೆರಡು ನದಿಗಳಲ್ಲಿ ಪ್ರವಾಹಕ್ಕೆ ಎದುರಾಗಿ ಹುಟ್ಟುಹಾಕುತ್ತ, ನಾಲ್ಕು ತಿಂಗಳಲ್ಲಿ ಸವೆಸಿ 1780ರ ಏಪ್ರಿಲ್ 24ರಂದು ಬಂದು ಮುಟ್ಟಿತು. ಡೊನೆಲ್ಸನ್ನನು ಬರೆದಿಟ್ಟ ದಿನಚರಿ ಉಳಿದಿದೆ. ಅದರಲ್ಲಿ ಬರುವ ಒಂದು ಪ್ರಸಂಗವನ್ನು ಓದಿದವರು ಬೇಗ ಮರೆಯಲಾರರು: ಒಂದು ದೋಣಿಯವರಿಗೆ ಸಿಡುಬು ತಗಲಿದ್ದರಿಂದ ಅವರು ಉಳಿದವರಿಗಿಂತ ಹಿಂದೆ, ಕೂಗಳತೆಯಲ್ಲಿ ಮಾತ್ರ ಬರಬೇಕೆಂದು ಏರ್ಪಾಡಾಗಿತ್ತು, ಶತ್ರುಗಳು ಆ ಒಂಟಿ ದೋಣಿಯ ಮೇಲೆ ಬಿದ್ದಾಗ ಅದರಲ್ಲಿದ್ದವರ ಆಕ್ರಂದನವು ಮುಂದಿದ್ದವರಿಗೆಲ್ಲ ಕೇಳಿಸುತ್ತಿತ್ತು, ಪ್ರವಾಹದ ಸೆಳೆತದಲ್ಲಿ ಹಿಂತಿರುಗುವುದು ಯಾರಿಂದಲೂ ಆಗಲಿಲ್ಲ. ಹಿಡಿದುಕೊಂಡು ಹೋದವರಿಗೂ ಸಿಡುಬು ಅಂಟಿ ಅವರ ಹಳ್ಳಿಗಳಲ್ಲಿ ಹರಡಿತು. ಈ ನಗರದ ಹುಟ್ಟಿನ ವೃತ್ತಾಂತದಲ್ಲಿ ನನಗೆ ಮೊದಲು ಕೇಳಿಸುವ ಧ್ವನಿ ಪಿಟೀಲಿನದಲ್ಲ, ಆ ಹಿಂದುಳಿದ ದೋಣಿಯದು.

ಆ ಮೇ ತಿಂಗಳಲ್ಲಿ 256 ಮಂದಿ ಒಂದು ಒಡಂಬಡಿಕೆಗೆ ರುಜು ಹಾಕಿ ಸ್ವಯಮಾಡಳಿತವನ್ನು ಸ್ಥಾಪಿಸಿಕೊಂಡರು. ಮರದ ದಿಮ್ಮಿಗಳ ತಮ್ಮ ಕೋಟೆಗೆ, ಬ್ರಿಟಿಷರೊಡನೆ ಹೋರಾಡಿ 1777ರಲ್ಲಿ ಮಡಿದ ಸೇನಾನಿ ಫ್ರಾನ್ಸಿಸ್ ನ್ಯಾಶ್‌ನ ನೆನಪಿಗಾಗಿ ‘ನ್ಯಾಶ್‌ಬರೋ’ ಎಂದು ಹೆಸರಿಟ್ಟರು. 1784ರಲ್ಲಿ, ಸ್ವಾತಂತ್ರ್ಯಯುದ್ಧದ ಬಿಸಿ ಇನ್ನೂ ಆರದಿದ್ದಾಗ, ಇಂಗ್ಲಿಷಿನ ವಾಸನೆಯಿದ್ದ ‘ಬರೋ’ವನ್ನು ಕಳಚಿ ಮಿತ್ರರಾದ ಫ್ರೆಂಚರ ‘ವಿಲ್’ ಅನ್ನು ತೊಡಿಸಿದರು. ಡೊನೆಲ್ಸನ್ನನ ದೋಣಿಯಲ್ಲಿ ಬಂದಿದ್ದ ಮಗಳು ರೇಚಲ್ ಮುಂದೆ ಆಂಡ್ರೂ ಜಾಕ್ಸನ್ ಎಂಬ ತರುಣ ವಕೀಲನ ಹೆಂಡತಿಯಾದಳು. ಅವನು ರಾಷ್ಟ್ರಾಧ್ಯಕ್ಷನಾಗಿ 1830ರಲ್ಲಿ ಸಹಿ ಹಾಕಿದ ಶಾಸನದ ಫಲವಾಗಿ ತಮ್ಮ ನೆಲದಿಂದ ಹೊರದೂಡಲ್ಪಟ್ಟ ಚೆರೋಕಿಗಳು 1838ರಲ್ಲಿ ಇದೇ ನ್ಯಾಶ್‌ವಿಲ್ಲಿನ ಮೂಲಕ ಪಶ್ಚಿಮಕ್ಕೆ ನಡೆದುಹೋದರು. 1843ರಲ್ಲಿ ಊರು ಟೆನೆಸ್ಸೀಯ ಸ್ಥಿರವಾದ ರಾಜಧಾನಿಯಾಯಿತು. ಅಲ್ಲಿಯ ಶಾಸನಭವನವನ್ನು ಗ್ರೀಕ್ ಶೈಲಿಯಲ್ಲಿ ರೂಪಿಸಿದ ವಾಸ್ತುಶಿಲ್ಪಿ ವಿಲಿಯಂ ಸ್ಟ್ರಿಕ್‌ಲೆಂಡನು ಕಟ್ಟಡ ಮುಗಿಯುವ ಮೊದಲೇ 1854ರಲ್ಲಿ ತೀರಿಕೊಂಡು, ಅದರ ಗೋಡೆಯಲ್ಲಿಯೇ ಸಮಾಧಿಸ್ಥನಾದನು. ಗ್ರೀಸಿನ ಗೀಳು ಎಷ್ಟು ಹಳೆಯದೆಂಬುದಕ್ಕೆ ಇದೊಂದು ಸಾಕ್ಷಿ.

ಅಂತರ್ಯುದ್ಧದ ಕಥೆಯನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. 1862ರ ಫೆಬ್ರವರಿಯಲ್ಲಿ ಉತ್ತರದ ಸೈನ್ಯಕ್ಕೆ ಶರಣಾದ ನ್ಯಾಶ್‌ವಿಲ್, ಬಂಡೆದ್ದ ರಾಜ್ಯಗಳ ರಾಜಧಾನಿಗಳಲ್ಲಿ ಮೊತ್ತಮೊದಲು ಸೋತದ್ದು. 1864ರ ಡಿಸೆಂಬರಿನಲ್ಲಿ ಊರ ಹೊರಗೆ ಎರಡು ದಿನ ನಡೆದ ಕದನದಲ್ಲಿ ದಕ್ಷಿಣದ ಒಂದು ಸೈನ್ಯವೇ ನುಚ್ಚುನೂರಾಯಿತು. ಉತ್ತರದವರು ನೆಗ್ಲಿ ಕೋಟೆಯನ್ನು ಕಟ್ಟಲು ಹಿಡಿದು ತಂದ ಎರಡು ಸಾವಿರಕ್ಕೂ ಮಿಕ್ಕ ಕರಿಯ ಕೆಲಸಗಾರರಲ್ಲಿ ಅನೇಕರು ಚಳಿಯಿಂದಲೂ ರೋಗದಿಂದಲೂ ಸತ್ತರು. ಕೂಲಿ ಕೈಗೆ ಬಂದವರು ವಿರಳ. ನಮ್ಮ ಕಥೆಗೆ ಮುಖ್ಯವಾದುದು, ಯುದ್ಧ ಮುಗಿದ ಮೇಲೆ ಉತ್ತರದ ಸೈನ್ಯ ಬಿಟ್ಟುಹೋದ ಆಸ್ಪತ್ರೆಯ ಮರದ ಶೆಡ್ಡುಗಳಲ್ಲಿ 1866ರಲ್ಲಿ ಆರಂಭವಾದ ಒಂದು ಶಾಲೆ.

ಬಿಡುಗಡೆ ಹೊಂದಿದ ಗುಲಾಮರ ಮಕ್ಕಳಿಗಾಗಿ ತೆರೆದ ಫಿಸ್ಕ್ ವಿದ್ಯಾಲಯವದು. ಕಾಗುಣಿತದ ಪುಸ್ತಕ ಕೊಳ್ಳಲು ದುಡ್ಡಿಲ್ಲದೆ, ಪಾಳುಬಿದ್ದ ಗುಲಾಮರ ದೊಡ್ಡಿಯಲ್ಲಿ ಸಿಕ್ಕಿದ ತುಕ್ಕುಹಿಡಿದ ಬೇಡಿ ಸಂಕೋಲೆಗಳನ್ನು ಹಳೆಯ ಕಬ್ಬಿಣದ ತೂಕಕ್ಕೆ ಮಾರಿದರೆಂಬ ವೃತ್ತಾಂತವೂ ಆ ವಿದ್ಯಾಲಯದ ಚರಿತ್ರೆಯಲ್ಲಿ ಬರುತ್ತದೆ. ಐದು ವರ್ಷಗಳಲ್ಲಿ ಸಾಲ ಬೆಳೆದು ಬಾಗಿಲು ಮುಚ್ಚುವ ಸ್ಥಿತಿ ಬಂದಿತು. ಲೆಕ್ಕಪತ್ರ ನೋಡುತ್ತ ಸಂಗೀತವನ್ನೂ ಕಲಿಸುತ್ತಿದ್ದ ಜಾರ್ಜ್ ವೈಟ್ ಎಂಬಾತನು 1871ರ ಅಕ್ಟೋಬರ್ 6ರಂದು ಒಂಬತ್ತು ಮಂದಿ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಹಾಡಿ ಹಣ ಕೂಡಿಸಲು ಉತ್ತರಕ್ಕೆ ಹೊರಟನು. ಮೊದಮೊದಲು ಅವರು ಬಿಳಿಯರ ಸಭೆಗಳಿಗೆ ಒಪ್ಪುವ ನಾಗರಿಕ ಗೀತೆಗಳನ್ನೇ ಹಾಡುತ್ತಿದ್ದರು. ತಂದೆತಾಯಿಗಳು ಹೊಲದಲ್ಲಿ, ರಾತ್ರಿಯ ಪ್ರಾರ್ಥನೆಯಲ್ಲಿ ಹಾಡಿಕೊಂಡ ದಾಸ್ಯಕಾಲದ ಭಕ್ತಿಗೀತೆಗಳು ಅವರಿಗೆ ಮನೆಯೊಳಗಿನ ಮಾತು. ಪರರ ಮುಂದೆ, ಟಿಕೆಟ್ಟು ಕೊಂಡವರ ಮುಂದೆ, ಅವನ್ನು ಬಿಚ್ಚಿಡುವುದಕ್ಕೆ ಸಂಕೋಚ. ಆದರೆ ಸಭೆಗಳು ನಿಶ್ಶಬ್ದವಾದದ್ದು, ಕಣ್ಣು ಒದ್ದೆಮಾಡಿಕೊಂಡದ್ದು ಆ ಗೀತೆಗಳಿಗೇ. ಬೈಬಲ್ಲಿನಲ್ಲಿ ದಾಸರಿಗೆ ಬಿಡುಗಡೆಯಾಗುವ ವರ್ಷದ ಹೆಸರನ್ನು ಹಿಡಿದು ‘ಜೂಬಿಲಿ ಗಾಯಕರು’ ಎನಿಸಿಕೊಂಡ ಈ ಮಕ್ಕಳು 1873ರಲ್ಲಿ ಸಮುದ್ರ ದಾಟಿ ವಿಕ್ಟೋರಿಯಾ ರಾಣಿಯ ಮುಂದೆ ಹಾಡಿದರು. ಕೂಡಿದ ಹಣದಿಂದ ‘ಜೂಬಿಲಿ ಹಾಲ್’ ಎಂಬ ಭವ್ಯ ಕಟ್ಟಡ ಎದ್ದಿತು. ತಂಡದ ಬೆನ್ನೆಲುಬಾಗಿದ್ದ ಎಲ್ಲಾ ಶೆಪರ್ಡ್ ಎಂಬ ತರುಣಿ ಹುಟ್ಟಿದ್ದು ಗುಲಾಮಳಾಗಿ, ಆಂಡ್ರೂ ಜಾಕ್ಸನ್ನನ ತೋಟದಲ್ಲಿ. ನ್ಯಾಶ್‌ವಿಲ್ಲಿನ ಹೆಸರನ್ನು ಸಂಗೀತದ ಮೂಲಕ ಪರದೇಶಗಳಿಗೆ ಮೊದಲು ಮುಟ್ಟಿಸಿದವರು ಇವರು, ಪಿಟೀಲು ಬರುವುದಕ್ಕೆ ಅರ್ಧ ಶತಮಾನ ಮುಂಚೆ. ಊರಿನ ಪ್ರಶಸ್ತಿಯನ್ನು ಹೇಳುವವರು ಇದನ್ನು ಅಡಿಟಿಪ್ಪಣಿಗೆ ಇಳಿಸುವುದುಂಟು.

ಇತ್ತ ಹೊಳೆಯ ಮೇಲೆ ಟಾಮ್ ರೈಮನ್ ಎಂಬ ಉಗಿಹಡಗುಗಳ ಒಡೆಯನೊಬ್ಬನು ಸರಕು ಸಾಗಿಸಿ ಸಿರಿವಂತನಾಗಿದ್ದನು. 1885ರಲ್ಲಿ ಸ್ಯಾಮ್ ಜೋನ್ಸ್ ಎಂಬ ಧರ್ಮಬೋಧಕನು ಊರಿನಲ್ಲಿ ಡೇರೆ ಹೂಡಿ ಕುಡಿತ ಜೂಜುಗಳ ಮೇಲೆ ಗುಡುಗುತ್ತಿದ್ದಾಗ, ಗೇಲಿಮಾಡಲೆಂದು ಹೋದ ರೈಮನ್ ಕಣ್ಣೀರು ಸುರಿಸಿಕೊಂಡು ಮರಳಿದನೆಂದು ಊರಿನ ಕಥೆ. ಕಥೆಯಲ್ಲಿ ಎಷ್ಟು ಉಪ್ಪುಖಾರ ಸೇರಿದೆಯೋ ತಿಳಿಯದು; ಅಂಥ ಬೋಧಕರು ಡೇರೆಯಲ್ಲಿ ಬಳಲದಿರಲೆಂದು ಆತನು ಮುಂದೆ ನಿಂತು ಹಣ ಕೂಡಿಸಿ ಕಟ್ಟಿಸಿದ ಕೆಂಪು ಇಟ್ಟಿಗೆಯ ವಿಶಾಲ ಪ್ರಾರ್ಥನಾಮಂದಿರ ಮಾತ್ರ 1892ರಿಂದ ನಿಂತಿರುವುದು ನಿಜ. 1904ರಲ್ಲಿ ರೈಮನ್ ಸತ್ತಾಗ ಅವನ ಉತ್ತರಕ್ರಿಯೆಯ ಉಪದೇಶವನ್ನು ಮಾಡಿದವನೂ ಜೋನ್ಸನೇ. ಮಂದಿರಕ್ಕೆ ರೈಮನ್ನನ ಹೆಸರಿಡಬೇಕೆಂಬ ಸೂಚನೆ ಬಂದದ್ದೂ ಅಂದೇ. ಬಣ್ಣದ ಗಾಜಿನ ಕಿಟಕಿಗಳೂ, ಅರ್ಧಚಂದ್ರಾಕೃತಿಯಲ್ಲಿ ಬಾಗಿದ ಓಕ್ ಮರದ ಉದ್ದನೆಯ ಬೆಂಚುಗಳೂ ಇದ್ದ ಆ ಸಭಾಂಗಣದಲ್ಲಿ ಮೆಲುಮಾತು ಕೂಡ ಕಡೆಯ ಸಾಲಿಗೆ ಮುಟ್ಟುತ್ತಿತ್ತು. ಲೂಲಾ ನ್ಯಾಫ್ ಎಂಬ ವಿಧವೆ ಅದರ ಆಡಳಿತ ವಹಿಸಿಕೊಂಡು, ಹೆಂಗಸೆಂದು ಪತ್ರವ್ಯವಹಾರದಲ್ಲಿ ಯಾರೂ ಹಗುರಾಗಿ ಕಾಣದಿರಲೆಂದು ಹೆಸರಿನ ಮೊದಲಕ್ಷರಗಳನ್ನು ಮಾತ್ರ ಬರೆಯುತ್ತ, ಕರೂಸೋನಂಥ ಗಾಯಕನನ್ನೂ ಅಲ್ಲಿಗೆ ಕರೆತಂದಳು. ಅಥೆನ್ಸಿನವರಿಗೆ ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು.

ಇನ್ನು ವಿಮಾ ಸಂಸ್ಥೆಗೆ ಬರೋಣ. ‘ನ್ಯಾಷನಲ್ ಲೈಫ್’ ಎಂಬ ಆ ಕಂಪನಿಯ ವ್ಯಾಪಾರವೆಲ್ಲ ಬಡವರೊಡನೆ: ಗುಮಾಸ್ತನು ವಾರಕ್ಕೊಮ್ಮೆ ಮನೆಬಾಗಿಲಿಗೆ ಹೋಗಿ ಚಿಲ್ಲರೆ ಕಾಸಿನ ಕಂತನ್ನು ವಸೂಲು ಮಾಡುವ, ರೋಗರುಜಿನ ಅಪಘಾತ ಸಾವುಗಳ ಸಣ್ಣ ಪಾಲಿಸಿಗಳು. ಕಂಪನಿಯ ಲಾಂಛನ ಒಂದು ಗುರಾಣಿ. ಅದು 1925ರ ಅಕ್ಟೋಬರ್ 5ರಂದು ತನ್ನ ಕಟ್ಟಡದಲ್ಲಿಯೇ ರೇಡಿಯೋ ಕೇಂದ್ರವೊಂದನ್ನು ಆರಂಭಿಸಿದಾಗ, ‘ಲಕ್ಷಾಂತರ ಜನಕ್ಕೆ ನಾವು ಗುರಾಣಿ’ ಎಂಬರ್ಥದ ಮೂರು ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಕೂಡಿಸಿ ಕೇಂದ್ರಕ್ಕೆ ‘ಡಬ್ಲ್ಯೂ ಎಸ್ ಎಂ’ ಎಂದು ಹೆಸರಾಯಿತು. ಷಿಕಾಗೋದಿಂದ ಬಂದ ಜಾರ್ಜ್ ಹೇ ಅದರ ನಿರ್ದೇಶಕ. ವಯಸ್ಸು ಮೂವತ್ತು, ತನ್ನನ್ನು ಕರೆದುಕೊಳ್ಳುತ್ತಿದ್ದುದು ‘ಗಂಭೀರ ಮುದಿ ನ್ಯಾಯಾಧೀಶ’ ಎಂದು. ನವೆಂಬರ್ 28ರ ಶನಿವಾರ ರಾತ್ರಿ ಅವನು ಜಿಮ್ಮಿ ಥಾಂಪ್ಸನ್ ಎಂಬ ಗಡ್ಡದ ಮುದುಕನನ್ನು ಧ್ವನಿಗ್ರಾಹಕದ ಮುಂದೆ ಕೂರಿಸಿದನು. ಪಿಯಾನೋದ ಮುಂದೆ ಮುದುಕನ ಸಂಬಂಧಿಯಾದ ಹೆಂಗಸು. ಒಂದು ಗಂಟೆಯ ಕಾಲ ಅವನು ಪಿಟೀಲು ಬಾರಿಸಿದ ಮೇಲೆ, ದಣಿವಾಯಿತೇನೋ ಎಂದು ಹೇ ವಿಚಾರಿಸಿದರೆ, ಕೈ ಪಳಗುವುದಕ್ಕೇ ಒಂದು ಗಂಟೆ ಸಾಲದೆಂಬ ಧಾಟಿಯಲ್ಲಿ ಮುದುಕ ಮುನಿಸಿಕೊಂಡನಂತೆ. ತಂತಿಗಳೂ ಕಾಗದಗಳೂ ಬಂದು ಬಿದ್ದವು. ಮುಂದಿನ ವಾರಗಳಲ್ಲಿ ಬ್ಯಾಂಜೋ, ಪಿಟೀಲು, ಗಿಟಾರು ಹಿಡಿದವರ ಸಾಲೇ ಕಚೇರಿಯ ಮೆಟ್ಟಲೇರತೊಡಗಿತು.

ಬಂದವರೆಲ್ಲ ಹಳ್ಳಿಯ ಮುಗ್ಧರೆಂದು ತಿಳಿಯಬೇಡಿ. ಒಂದು ತಂಡದ ನಾಯಕ ಹಂಫ್ರಿ ಬೇಟ್ ವೃತ್ತಿಯಿಂದ ವೈದ್ಯ. ಅನೇಕರು ಭಾನುವಾರದ ಸೂಟು ಟೈಗಳಲ್ಲಿ ಠಾಕುಠೀಕಾಗಿ ಬರುತ್ತಿದ್ದರು. ಅವರಿಗೆ ಹೊಲದ ಕೆಲಸದ ಬಟ್ಟೆ ತೊಡಿಸಿ, ಕೈಗೆ ಜೋಳದ ತೆನೆ ಕೊಟ್ಟು, ತಂಡಗಳಿಗೆ ಬೇಟೆಗಾರರು, ಕಳ್ಳು ಕುಡುಕರು ಎಂಬಂಥ ಒರಟು ಹೆಸರುಗಳನ್ನಿಟ್ಟವನು ಹೇ. ಹಳ್ಳಿತನವೆಂಬುದು ಅಲ್ಲಿ ಅರ್ಧ ಸ್ವಭಾವ, ಅರ್ಧ ವೇಷ. ನಡುನಡುವೆ ಅವನು ಮರದ ದೊಡ್ಡ ಸೀಟಿಯೊಂದನ್ನು ಊದುತ್ತಿದ್ದನು. ಅದರ ಸದ್ದು ಉಗಿಹಡಗಿನ ಕೂಗಿನಂತಿತ್ತು.

ಈ ಕಾರ್ಯಕ್ರಮಕ್ಕೆ ಇಂದಿನ ಹೆಸರು ಬಂದ ಪ್ರಸಂಗವನ್ನು ಎಲ್ಲರೂ ಹೇಳುವರು, ನಾನೂ ಹೇಳದಿರಲಾರೆ. 1927ರ ಡಿಸೆಂಬರಿನ ಒಂದು ಶನಿವಾರ, ನ್ಯೂಯಾರ್ಕಿನಿಂದ ವಾಲ್ಟರ್ ಡ್ಯಾಮ್‌ರಾಶ್ ನಡೆಸುತ್ತಿದ್ದ ಶಾಸ್ತ್ರೀಯ ಸಂಗೀತದ ಪ್ರಸಾರವು ರೈಲುಬಂಡಿಯ ಓಟವನ್ನು ಅನುಕರಿಸುವ ಒಂದು ಕೃತಿಯೊಡನೆ ಮುಗಿಯಿತು. ಉನ್ನತ ಕಲೆಯಲ್ಲಿ ಇಂಥ ವಾಸ್ತವಾನುಕರಣಕ್ಕೆ ಎಡೆಯಿಲ್ಲವೆಂಬ ಅಭಿಪ್ರಾಯವನ್ನೂ ಆ ವಿದ್ವಾಂಸನು ಸೂಚಿಸಿದನು. ಅದರ ಬೆನ್ನಿಗೇ ನ್ಯಾಶ್‌ವಿಲ್ಲಿನ ಸರದಿ. ತಮ್ಮಲ್ಲಿ ವಾಸ್ತವವಲ್ಲದೆ ಬೇರೇನೂ ಇಲ್ಲವೆಂದು ಹೇ ಸಾರಿ, ಡಿಫೋರ್ಡ್ ಬೈಲಿ ಎಂಬ ಗಿಡ್ಡ ದೇಹದ ಕರಿಯ ತರುಣನನ್ನು ಕರೆದನು. ಬಾಲ್ಯದಲ್ಲಿ ಪೋಲಿಯೋ ತಗಲಿ ವರ್ಷವೊಂದನ್ನು ಹಾಸಿಗೆಯಲ್ಲಿ ಕಳೆದ ಬೈಲಿಯು, ಆಗ ಕೈಗೆ ಸಿಕ್ಕಿದ ಹಾರ್ಮೋನಿಕಾದಲ್ಲಿ ಹೊರಗಿನ ನಾಯಿ ಕೋಳಿ ರೈಲುಗಳ ಸದ್ದನ್ನೆಲ್ಲ ಹಿಡಿಯಲು ಕಲಿತಿದ್ದನು. ಆ ರಾತ್ರಿ ಅವನು ‘ಪ್ಯಾನ್ ಅಮೆರಿಕನ್’ ಎಂಬ ರೈಲನ್ನು ತನ್ನ ಉಸಿರಿನಿಂದ ಓಡಿಸಿದನು: ದೂರದ ಕೂಗು, ಹಳಿಯ ಬಡಿತ, ಏರುವ ವೇಗ, ಸೇತುವೆಯ ಮೇಲೆ ಬದಲಾಗುವ ಸದ್ದು. ಮುಗಿದೊಡನೆ ಹೇ, ಇಷ್ಟು ಹೊತ್ತು ಕೇಳಿದ್ದು ಗ್ರ್ಯಾಂಡ್ ಆಪೆರಾ, ಇನ್ನು ಮೇಲೆ ನಮ್ಮದು ‘ಗ್ರ್ಯಾಂಡ್ ಓಲ್ ಆಪ್ರಿ’ ಎಂದು ಹಳ್ಳಿಯ ಉಚ್ಚಾರದಲ್ಲಿ ಆ ಗಣ್ಯ ಪದವನ್ನು ಮುರಿದು ಹಾಸ್ಯಮಾಡಿದನು. ಹಾಸ್ಯ ನಿಂತಿತು.

ಹೆಸರಿನ ಹುಟ್ಟಿಗೆ ಕಾರಣನಾದ ಬೈಲಿಯ ಗತಿಯನ್ನೂ ಹೇಳಬೇಕು. 1930ರ ದಶಕದಲ್ಲಿ ಆತನು ತಂಡಗಳೊಡನೆ ಊರೂರು ತಿರುಗಿದನು. ವೇದಿಕೆಯ ಮೇಲೆ ಚಪ್ಪಾಳೆ, ವಸತಿಗೃಹದ ಬಾಗಿಲಲ್ಲಿ ನಿರಾಕರಣೆ. ಗೀತೆಗಳ ಹಕ್ಕುಹಣ ವಸೂಲುಮಾಡುತ್ತಿದ್ದ ಹಳೆಯ ಸಂಘಕ್ಕೂ ರೇಡಿಯೋ ಒಡೆಯರಿಗೂ 1941ರ ಹೊತ್ತಿಗೆ ದೊಡ್ಡ ಜಗಳ ಹತ್ತಿತು; ಆ ಸಂಘದ ಗೀತೆಗಳನ್ನು ಪ್ರಸಾರ ಮಾಡಬಾರದೆಂದಾಯಿತು; ಬೈಲಿಯ ಹೆಸರಾಂತ ಮಟ್ಟುಗಳು ಅದರಲ್ಲಿ ಸಿಕ್ಕಿಬಿದ್ದವು. ಹೊಸದನ್ನು ಕಲಿಯಲು ಅವನಿಗೆ ಸೋಮಾರಿತನವೆಂದು ಹೇ ಮುಂದೆ ಬರೆದನು. ಜನ ಕೇಳಲು ಬರುವ ಹಳೆಯ ಮಟ್ಟುಗಳನ್ನೇ ನುಡಿಸಬೇಡವೆಂದರೆಂಬುದು ಬೈಲಿಯ ಕಡೆಯ ಮಾತು. ಹದಿನೈದು ವರ್ಷ ದುಡಿದವನನ್ನು ಆ ವರ್ಷ ಹೊರಗೆ ಕಳುಹಿಸಿದರು. ಆತನು ಅದೇ ಊರಿನಲ್ಲಿ ಜೋಡು ಒರೆಸಿ ಹೊಳಪು ಕೊಡುವ ಅಂಗಡಿಯಿಟ್ಟು ಬಾಳಿ 1982ರಲ್ಲಿ ತೀರಿಕೊಂಡನು. ಕಂಟ್ರಿ ಸಂಗೀತದ ಕೀರ್ತಿಭವನದಲ್ಲಿ ಅವನ ಹೆಸರು ಸೇರಿದ್ದು 2005ರಲ್ಲಿ. ಇದೇ ಜಗಳದಿಂದ ಇನ್ನೊಬ್ಬರ ಬಾಗಿಲು ತೆರೆದುದು ವಿಚಿತ್ರ. ರೇಡಿಯೋದವರು ತಾವೇ ಸ್ಥಾಪಿಸಿಕೊಂಡ ಹೊಸ ಸಂಘವು, ಹಳೆಯದು ಮೂಸಿಯೂ ನೋಡದಿದ್ದ ಹಳ್ಳಿಗಾಡಿನ ಹಾಡುಗಳಿಗೂ ಕರಿಯರ ಹಾಡುಗಳಿಗೂ ಹಕ್ಕುಹಣ ಕೊಡಲಾರಂಭಿಸಿತು. ಆಪ್ರಿಯ ಜನಪ್ರಿಯ ಗಾಯಕ ರಾಯ್ ಏಕಫ್ ಮತ್ತು ಗೀತರಚನಕಾರ ಫ್ರೆಡ್ ರೋಸ್ 1942ರಲ್ಲಿ ಕೂಡಿ ಇಲ್ಲೊಂದು ಗೀತಪ್ರಕಾಶನ ಸಂಸ್ಥೆಯನ್ನು ತೆರೆದರು. ಹಾಡಿದವನು ಊರು ಬಿಟ್ಟುಹೋದರೂ ಹಾಡಿನ ಹಕ್ಕು ಊರಿನಲ್ಲಿಯೇ ಉಳಿಯುವಂತಾದದ್ದು ಆಗ. ನನ್ನ ದೃಷ್ಟಿಯಲ್ಲಿ ನ್ಯಾಶ್‌ವಿಲ್ಲಿನ ಭವಿಷ್ಯ ನಿಶ್ಚಯವಾದದ್ದು ಯಾವ ಗಾಯಕನ ಕಂಠದಿಂದಲೂ ಅಲ್ಲ, ಈ ಲೆಕ್ಕದ ಪುಸ್ತಕದಿಂದ.

ಕೇಂದ್ರದ ಶಕ್ತಿ 1932ರಲ್ಲಿ 50,000 ವಾಟ್‌ಗೆ ಏರಿ, 878 ಅಡಿಯ ಗೋಪುರದಿಂದ ಹೊರಟ ಧ್ವನಿ ಶನಿವಾರ ರಾತ್ರಿಗಳಲ್ಲಿ ಎಷ್ಟೋ ರಾಜ್ಯಗಳ ಅಡಿಗೆಮನೆಗಳನ್ನು ಹೊಕ್ಕಿತು. ವಿಮಾ ಗುಮಾಸ್ತನಿಗೆ ಬಾಗಿಲು ತಟ್ಟಿ ‘ಆಪ್ರಿಯವರು’ ಎಂದರೆ ಸಾಕಾಯಿತು. ಕೇಳಲು ಮಾತ್ರವಲ್ಲ, ನೋಡಲೂ ಜನ ಮುತ್ತಿದ್ದರಿಂದ ಕಾರ್ಯಕ್ರಮವು ಸ್ಥಳದಿಂದ ಸ್ಥಳಕ್ಕೆ ಅಲೆದು, 1943ರಲ್ಲಿ ರೈಮನ್ನನ ಪ್ರಾರ್ಥನಾಮಂದಿರವನ್ನು ಹೊಕ್ಕಿತು. ಅಥೆನ್ಸಿನವರಿಗೆ ಇದು ನುಂಗಲಾರದ ತುತ್ತು. ಏಕಫನಂಥವರಿಂದ ಟೆನೆಸ್ಸೀ ರಾಜ್ಯವು ಗುಡ್ಡಗಾಡು ಗಮಾರರ ರಾಜಧಾನಿಯಾಗುತ್ತಿದೆಯೆಂಬರ್ಥದ ಮಾತನ್ನಾಡಿ ಗವರ್ನರ್ ಪ್ರೆಂಟಿಸ್ ಕೂಪರ್ ಆ ವರ್ಷ ಆಪ್ರಿಯ ಒಂದು ಸಮಾರಂಭಕ್ಕೆ ಹೋಗಲು ನಿರಾಕರಿಸಿದನು. ಏಕಫ್ 1948ರಲ್ಲಿ ತಾನೇ ಗವರ್ನರ್ ಪದವಿಗೆ ಸ್ಪರ್ಧಿಸಿ ಸೋತನು; ಸಭೆಗಳಿಗೆ ಜನ ಸೇರಿದ್ದು ಮತ ಕೊಡಲೆಂದಲ್ಲ, ಹಾಡು ಕೇಳಲೆಂದು.

ರೈಮನ್ ಮಂದಿರದ ಆ ಮೂವತ್ತೊಂದು ವರ್ಷಗಳ ವೈಭವವನ್ನು ಬಣ್ಣಿಸಹೊರಟರೆ ಈ ಅಂಕಣ ಸಾಲದು. ಬೇಸಗೆಯಲ್ಲಿ ಒಳಗೆ ಕುಲುಮೆ. ಕಲಾವಿದರಿಗೆ ಬಟ್ಟೆ ಬದಲಿಸಲು ಸರಿಯಾದ ಕೋಣೆಯಿಲ್ಲ. ಸರದಿ ಬರುವವರೆಗೆ ಹಿಂದಿನ ಓಣಿಯ ಪಾನಗೃಹದಲ್ಲಿ ಕುಳಿತಿರುವುದು. 1949ರ ಜೂನ್ 11ರಂದು ಅಲಬಾಮದ ಬಡಕಲು ತರುಣ ಹ್ಯಾಂಕ್ ವಿಲಿಯಮ್ಸ್ ಮೊದಲ ಬಾರಿಗೆ ಅಲ್ಲಿ ಹಾಡಿದಾಗ ಸಭೆಯು ಅವನನ್ನು ಇಳಿಯಗೊಡದೆ ಮತ್ತೆ ಮತ್ತೆ ಹಾಡಿಸಿತು. ಕುಡಿತದಿಂದ ಕಾರ್ಯಕ್ರಮ ತಪ್ಪಿಸುತ್ತಿದ್ದುದಕ್ಕಾಗಿ 1952ರಲ್ಲಿ ಅವನನ್ನು ತೆಗೆದುಹಾಕಿದರು. 1953ರ ಹೊಸವರ್ಷದ ದಿನ, 29ನೆಯ ವಯಸ್ಸಿನಲ್ಲಿ, ಕಾರಿನ ಹಿಂದಿನ ಆಸನದಲ್ಲಿ ಸತ್ತುಹೋಗಿದ್ದನು.

ಗಾಯಕರು ಸೇರಿದ ಮೇಲೆ ಧ್ವನಿಮುದ್ರಣಾಲಯಗಳು ಬಂದವು. ಓವನ್ ಬ್ರಾಡ್ಲಿ ಸಹೋದರರು 1950ರ ದಶಕದ ನಡುವಿನಲ್ಲಿ ಹದಿನಾರನೆಯ ಬೀದಿಯ ಹಳೆಯ ಮನೆಯೊಂದನ್ನು ಕೊಂಡು, ಅದಕ್ಕೆ ಸೈನ್ಯದವರು ಬಳಸುವಂಥ ಕಮಾನು ತಗಡಿನ ಕೊಟ್ಟಿಗೆಯೊಂದನ್ನು ತಗುಲಿಸಿದರು. ಅದರ ಸುತ್ತ ಬೆಳೆದ ಕೇರಿಯೇ ಇಂದಿನ ‘ಮ್ಯೂಸಿಕ್ ರೋ’. ಅಲ್ಲಿಯೂ, 1957ರಲ್ಲಿ ಆರ್‌ಸಿಎ ಕಂಪನಿ ಸಮೀಪದಲ್ಲಿ ತೆರೆದ ‘ಸ್ಟುಡಿಯೋ ಬಿ’ಯಲ್ಲಿಯೂ, ಬ್ರಾಡ್ಲಿ ಮತ್ತು ಚೆಟ್ ಆಟ್ಕಿನ್ಸ್ ಸೇರಿ ಪಿಟೀಲಿನ ಒರಟುತನವನ್ನು ಕಳೆದು, ವಾದ್ಯಮೇಳದ ತಂತಿನಾದವನ್ನೂ ಹಿನ್ನೆಲೆಯ ಗುಂಪುಗಾಯನವನ್ನೂ ಬೆರೆಸಿ, ಪ್ಯಾಟ್ಸಿ ಕ್ಲೈನ್, ಜಿಮ್ ರೀವ್ಸ್ ಮೊದಲಾದವರ ನುಣುಪಾದ ಶೈಲಿಯನ್ನು ರೂಪಿಸಿದರು. ರಾಕ್ ಸಂಗೀತದ ಅಬ್ಬರಕ್ಕೆ ಗಿರಾಕಿಗಳನ್ನು ಕಳೆದುಕೊಳ್ಳುತ್ತಿದ್ದ ಕಾಲದಲ್ಲಿ ಅದು ಬದುಕುವ ಉಪಾಯವಾಗಿತ್ತು. ಹಳಬರು ಅದನ್ನು ಇಂದಿಗೂ ಕ್ಷಮಿಸಿಲ್ಲ. ಅಲ್ಲಿಯ ವಾದಕರ ಒಂದು ಕೌಶಲವು ನಮ್ಮ ಸಂಗೀತ ಬಲ್ಲವರಿಗೆ ಹತ್ತಿರದ್ದೆನಿಸೀತು. ಸ್ವರಲಿಪಿಯನ್ನು ನೆಚ್ಚದೆ ಅವರು, ಶ್ರುತಿಯ ಮೂಲಸ್ವರವನ್ನು ಒಂದೆಂದು ಎಣಿಸಿ, ಮಿಕ್ಕ ಸ್ವರಮೇಳಗಳಿಗೆ ನಾಲ್ಕು ಐದು ಎಂದು ಅಂಕೆ ಕೊಟ್ಟು, ಹಾಡನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಳ್ಳುವರು. ಗಾಯಕನು ಶ್ರುತಿಯನ್ನು ಏರಿಸಲಿ ಇಳಿಸಲಿ, ನಮ್ಮ ಷಡ್ಜದಂತೆ, ಆ ಒಂದು ಒಂದೇ.

ಈ ಹೊತ್ತಿಗೆ ಊರಿನ ಇನ್ನೊಂದು ಭಾಗದಲ್ಲಿ ಬೇರೊಂದು ಪಾಠ ನಡೆಯುತ್ತಿತ್ತು. ಅದರ ಬೇರು ನಮ್ಮ ದೇಶದಲ್ಲಿದೆ. ಕೊರಿಯಾ ಯುದ್ಧಕ್ಕೆ ಸೇರಲೊಲ್ಲದೆ ಸೆರೆಮನೆ ಕಂಡ ಜೇಮ್ಸ್ ಲಾಸನ್ ಎಂಬ ಕರಿಯ ತರುಣರು 1953ರಿಂದ ಮೂರು ವರ್ಷ ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿದ್ದು ಗಾಂಧೀಜಿಯವರ ಸತ್ಯಾಗ್ರಹ ಮಾರ್ಗವನ್ನು ಅಭ್ಯಸಿಸಿದರು. ಸ್ವದೇಶಕ್ಕೆ ಮರಳಿ ನ್ಯಾಶ್‌ವಿಲ್ಲಿನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ಧರ್ಮಶಾಸ್ತ್ರ ಓದುತ್ತ, 1959ರಲ್ಲಿ ಚರ್ಚೊಂದರಲ್ಲಿ ಫಿಸ್ಕ್ ಮೊದಲಾದ ಕಾಲೇಜುಗಳ ವಿದ್ಯಾರ್ಥಿಗಳಿಗೆ ತರಗತಿ ನಡೆಸಿದರು. ಆ ಪಾಠದ ರೀತಿ ಹೀಗೆ: ಒಬ್ಬನು ಕುರ್ಚಿಯಲ್ಲಿ ಕೂರುವನು; ಜತೆಗಾರರೇ ಅವನನ್ನು ಬೈಯುವರು, ಮುಖಕ್ಕೆ ಹೊಗೆ ಬಿಡುವರು, ನೂಕಿ ಕೆಡಹುವರು; ಅವನು ಕೈಯೆತ್ತಬಾರದು, ಕಣ್ಣು ತಗ್ಗಿಸಲೂಬಾರದು. ಪೇಟೆಯ ಅಂಗಡಿಗಳಲ್ಲಿ ಕರಿಯರು ಬಟ್ಟೆ ಕೊಳ್ಳಬಹುದಾಗಿತ್ತು, ಅಲ್ಲಿಯೇ ಇದ್ದ ಊಟದ ಕೌಂಟರಿನಲ್ಲಿ ಕೂರುವಂತಿರಲಿಲ್ಲ. 1960ರ ಫೆಬ್ರವರಿ 13ರಂದು ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು ಹೋಗಿ ಕುಳಿತರು. ಮುಂದಿನ ವಾರಗಳಲ್ಲಿ ಏಟು ತಿಂದರು, ಸೆರೆಗೆ ಹೋದರು. ವಿಶ್ವವಿದ್ಯಾಲಯವು ಲಾಸನ್ನರನ್ನು ಹೊರಹಾಕಿತು. ಏಪ್ರಿಲ್ 19ರ ಬೆಳಗಿನ ಜಾವ ವಿದ್ಯಾರ್ಥಿಗಳ ವಕೀಲ ಲೂಬಿಯವರ ಮನೆಯ ಮೇಲೆ ಬಾಂಬು ಬಿದ್ದಿತು. ಅಂದು ಸಾವಿರಾರು ಮಂದಿ ಮೌನವಾಗಿ, ಹೆಜ್ಜೆಯ ಸಪ್ಪಳವೊಂದನ್ನುಳಿದು ಬೇರೆ ಸದ್ದಿಲ್ಲದೆ, ಪುರಭವನಕ್ಕೆ ನಡೆದರು. ಫಿಸ್ಕಿನ ವಿದ್ಯಾರ್ಥಿನಿ ಡಯಾನ್ ನ್ಯಾಶ್ (ಊರಿನ ಹೆಸರಿಗೂ ಆಕೆಯ ಹೆಸರಿಗೂ ಇರುವುದು ಕಾಕತಾಳೀಯ ಸಂಬಂಧ) ಮೆಟ್ಟಲ ಮೇಲೆ ನಿಂತು, ಬಣ್ಣ ನೋಡಿ ಊಟ ನಿರಾಕರಿಸುವುದು ಸರಿಯೇ ಎಂದು ಮೇಯರ್ ಬೆನ್ ವೆಸ್ಟ್‌ನನ್ನು ನೇರವಾಗಿ ಕೇಳಿದಳು. ಸರಿಯಲ್ಲವೆಂದು ಆತನು ಒಪ್ಪಿದನು. ಮೇ 10ರಂದು ಕೌಂಟರುಗಳು ತೆರೆದವು. ಸಂಗೀತದ ಊರಿನ ಚರಿತ್ರೆಯಲ್ಲಿ ಈ ನಿಶ್ಶಬ್ದ ಮೆರವಣಿಗೆಗೆ ಸಮನಾದ ಕಛೇರಿಯನ್ನು ನಾನರಿಯೆ.

ಆದರೂ ಆ ದಶಕ ಮುಗಿಯುವುದರೊಳಗೆ, ಫಿಸ್ಕಿನ ಪಕ್ಕದಲ್ಲಿದ್ದ ಜೆಫರ್ಸನ್ ಬೀದಿಯ ಕರಿಯರ ವಸತಿಯನ್ನು ಸೀಳಿಕೊಂಡು ಹೊಸ ಹೆದ್ದಾರಿಯು ಹಾದುಹೋಯಿತು. ಸೈನ್ಯ ಬಿಟ್ಟುಬಂದ ಜಿಮಿ ಹೆಂಡ್ರಿಕ್ಸ್ ಗಿಟಾರಿನಲ್ಲಿ ಕೈ ಪಳಗಿಸಿಕೊಂಡ ರಾತ್ರಿಸಭೆಗಳ ಬೀದಿಯದು. ಊರಿನ ಒಂದು ಸಂಗೀತಕ್ಕೆ ಕೀರ್ತಿಭವನ ಎದ್ದ ದಶಕದಲ್ಲಿಯೇ ಇನ್ನೊಂದರ ಮನೆಗಳು ನೆಲಸಮವಾದವು.

1974ರ ಮಾರ್ಚ್ 15ರ ರಾತ್ರಿ ಆಪ್ರಿಯು ರೈಮನ್ ಮಂದಿರವನ್ನು ಬಿಟ್ಟು, ಮರುದಿನ ಊರ ಹೊರಗೆ ಹೊಳೆಯ ತಿರುವಿನ ಬಯಲಿನಲ್ಲಿ ಕಟ್ಟಿದ, ತಂಪುಗಾಳಿಯ ಯಂತ್ರವೂ ಮೆತ್ತೆಯ ಆಸನಗಳೂ ಉಳ್ಳ ಹೊಸ ಭವನಕ್ಕೆ ಹೋಯಿತು. ಅಧ್ಯಕ್ಷ ನಿಕ್ಸನ್ ಬಂದು ಪಿಯಾನೋ ನುಡಿಸಿದನು. ಬಿಟ್ಟುಹೋಗುವಾಗ ಹಳೆಯ ವೇದಿಕೆಯಿಂದ ಆರು ಅಡಿ ಅಗಲದ ವೃತ್ತಾಕಾರದ ಒಂದು ತುಂಡನ್ನು ಕೊಯ್ದು ತಂದು, ಹೊಸ ವೇದಿಕೆಯ ಮುಂಭಾಗದಲ್ಲಿ ಕೂಡಿಸಿದರು. ಅಂದಿನಿಂದ ಹಾಡುವವರು ನಿಲ್ಲುವುದು ಆ ಸವೆದ ಹಲಗೆಗಳ ಮೇಲೆ. ಹಳೆಯ ಮಂದಿರವನ್ನು ಕೆಡವುವ ಮಾತೂ ನಡೆದು, ಕಿಟಕಿ ಒಡೆದು ಪಾರಿವಾಳಗಳ ಮನೆಯಾಗಿ, ಕೊನೆಗೆ ರಿಪೇರಿ ಕಂಡು 1994ರಲ್ಲಿ ಅದು ಮತ್ತೆ ಬಾಗಿಲು ತೆರೆಯಿತು.

2010ರ ಮೇ ತಿಂಗಳ ಮೊದಲ ಎರಡು ದಿನ ನ್ಯಾಶ್‌ವಿಲ್ಲಿನ ಮೇಲೆ 13 ಅಂಗುಲಕ್ಕೂ ಹೆಚ್ಚು ಮಳೆ ಸುರಿಯಿತು. ಡೊನೆಲ್ಸನ್ನನನ್ನು ತಂದ, ರೈಮನ್ನನನ್ನು ಸಿರಿವಂತನನ್ನಾಗಿ ಮಾಡಿದ ಕಂಬರ್ಲೆಂಡ್ ದಡ ಮೀರಿ, ಆ ಬಯಲಿನ ಹೊಸ ಭವನವನ್ನು ಹೊಕ್ಕು, ವೇದಿಕೆಯ ಮೇಲೆ ನಾಲ್ಕು ಅಡಿಗೆ ಸಮೀಪ ನಿಂತಿತು. ನೀರು ಇಳಿದ ಬಳಿಕ ಆ ವೃತ್ತವನ್ನು ಎತ್ತಿ, ಒಣಗಿಸಿ, ಒಪ್ಪಮಾಡಿ, ಸೆಪ್ಟೆಂಬರ್ 28ರಂದು ಭವನ ಮತ್ತೆ ತೆರೆಯುವುದರೊಳಗೆ ಅದರ ಜಾಗಕ್ಕೆ ಸೇರಿಸಿದರು. ಆ ನಡುವಿನ ತಿಂಗಳುಗಳಲ್ಲಿ ಆಪ್ರಿಯವರು ತಮ್ಮ ಪಿಟೀಲುಗಳನ್ನು ಹೊತ್ತುಕೊಂಡು ಪೇಟೆಯ ಬೇರೆ ಬೇರೆ ಸಭಾಂಗಣಗಳಿಗೆ ಅಲೆದರು. ಹೆಚ್ಚು ರಾತ್ರಿಗಳು ಅವರು ಹಾಡಿದ್ದು, ನೆರೆಯ ನೀರು ಮುಟ್ಟದಿದ್ದ ದಿಣ್ಣೆಯ ಮೇಲೆ ಆ ಹಡಗಿನವನು ಕಟ್ಟಿಸಿದ ಇಟ್ಟಿಗೆಯ ಮಂದಿರದಲ್ಲಿ.